ಅಚ್ಚುತನಿಗೆ ಆರನೆಯ ಪ್ರಾಸ

ನರಿಮೊಗರಿನ ವಿಷ್ಣುಪ್ರಸಾದರು ಹೊಗಳದ ವಸ್ತು ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳಲ್ಲಿ ಎಲ್ಲಾದರೂ ಉಳಿದಿದ್ದರೆ ಅದು ಇನ್ನೂ ಉದ್ಘಾಟನೆಯಾಗಿಲ್ಲ ಎಂದೇ ತಿಳಿಯಬೇಕು. ಪಶುವೈದ್ಯರು ವರ್ಗವಾಗಿ ಹೋಗುವಾಗ ಅವರ ಮೇಲೊಂದು ಪದ್ಯ, ಹೊಸಬರು ಬಂದಾಗ ಅವರ ಮೇಲೊಂದು ಪದ್ಯ. ಕೊಲ್ಲಮೊಗ್ರಿನಲ್ಲಿ ಹೊಳೆ ದಾಟುವ ಕಾಲುಸಂಕದ ಮೇಲೆ ಅವರು ಬರೆದ ಪದ್ಯ ಸಂಕಕ್ಕಿಂತ ಉದ್ದವಾಗಿತ್ತು. ಕಡಬ ತಾಲೂಕಾದ ವರ್ಷ ಇಡೀ ತಾಲೂಕನ್ನು ಗಡಿ ಸಮೇತ ಹೊಗಳಿದರು. ಹಾಲಿನ ಸೊಸೈಟಿಗೆ ಹೊಸ ಕೊಬ್ಬು ಅಳೆಯುವ ಯಂತ್ರ ಬಂದಾಗ ಅದರ ಮೇಲೆ ಬರೆದದ್ದನ್ನು ಸೊಸೈಟಿಯವರು ಕಟ್ಟು ಹಾಕಿಸಿ ಯಂತ್ರದ ಪಕ್ಕದಲ್ಲೇ ತೂಗುಹಾಕಿದ್ದಾರೆ. ಹಾಲಿಗೆ ನೀರು ಬೆರೆಸುವವರಿಗೆ ಯಂತ್ರಕ್ಕಿಂತ ಆ ಪದ್ಯದ ಹೆದರಿಕೆ ಹೆಚ್ಚು, ಯಾಕೆಂದರೆ ಸರದಿಯಲ್ಲಿ ನಿಂತಷ್ಟು ಹೊತ್ತೂ ಅದನ್ನು ಓದಬೇಕಾಗುತ್ತದೆ.

ಅಡಿಕೆ ತೋಟ, ತೆಂಗು, ಎರಡು ದನ, ಹೆಂಡತಿ ವಾಸಂತಿ, ಇವಿಷ್ಟು ಅವರ ರಾಜ್ಯ. ಇದನ್ನೆಲ್ಲ ನೋಡಿಕೊಳ್ಳುವುದು ವಾಸಂತಿಯಕ್ಕ. ಗಂಡರಾಯರು ಜಗಲಿಯಲ್ಲಿ ಕೂತು ಭಾಮಿನಿ ಷಟ್ಪದಿ ಕಟ್ಟುತ್ತಾರೆ. ಗೊತ್ತಿಲ್ಲದವರಿಗೆ ಒಂದು ಮಾತು: ಭಾಮಿನಿ ಷಟ್ಪದಿ ಆರು ಸಾಲಿನ ಪದ್ಯ. ಮೂರು, ನಾಲ್ಕು, ಮೂರು, ನಾಲ್ಕು ಎಂದು ಮಾತ್ರೆ ಎಣಿಸುತ್ತಾ ಹೆಜ್ಜೆಯಿಡಬೇಕು. ಮೂರನೆಯದೂ ಆರನೆಯದೂ ಉದ್ದದ ಸಾಲು. ಎಲ್ಲಕ್ಕಿಂತ ಕಠಿಣವಾದದ್ದು ಪ್ರಾಸ. ಆರೂ ಸಾಲುಗಳಲ್ಲಿ ಎರಡನೆಯ ಅಕ್ಷರ ಒಂದೇ ವ್ಯಂಜನವಾಗಿರಬೇಕು. ಫೋನು ಬಂದಾಗ ವಾಸಂತಿಯಕ್ಕ "ಅವರು ಮಾತ್ರೆ ಎಣಿಸ್ತಾ ಇದ್ದಾರೆ" ಎಂದರೆ ಆ ಕಡೆಯವರು "ಶುಗರಿಂದಾ, ಬಿಪಿದಾ" ಎಂದು ಕನಿಕರದಿಂದ ವಿಚಾರಿಸುವುದು ಮಾಮೂಲು.

ಇಷ್ಟು ಜನರನ್ನು ಹೊಗಳಿದ ಮಹಾನುಭಾವನನ್ನು ಈವರೆಗೆ ಯಾರೂ ನೆಟ್ಟಗೆ ಹೊಗಳಿಲ್ಲ. ಒಂದು ಶಾಲಿಲ್ಲ, ಒಂದು ಹಾರವಿಲ್ಲ, ಕಟ್ಟು ಹಾಕಿದ ಒಂದು ಸನ್ಮಾನಪತ್ರವಿಲ್ಲ. ಅವರ ಮನೆಯ ಗೋಡೆಯಲ್ಲಿ ಒಂದು ಮೊಳೆ ಮಾತ್ರ ಇದೆ. ಅದು ಹಲವು ವರ್ಷಗಳಿಂದ ಸನ್ಮಾನಪತ್ರಕ್ಕಾಗಿ ಕಾಯುತ್ತಿದೆ. ಸದ್ಯಕ್ಕೆ ಅದರಲ್ಲಿ ಕೊಡೆ ತೂಗಾಡುತ್ತದೆ. ಇದಕ್ಕೆ ಜನರ ಕೃತಘ್ನತೆ ಕಾರಣವಲ್ಲ, ತನ್ನ ಹೆಸರೇ ಕಾರಣ ಎಂದು ವಿಷ್ಣುಪ್ರಸಾದರು ಕಂಡುಹಿಡಿದಿದ್ದರು. "ವಿಷ್ಣು" ಎಂಬುದಕ್ಕೆ ಪ್ರಾಸ ಎಲ್ಲಿಂದ ತರುವುದು? ಕೃಷ್ಣ, ಉಷ್ಣ, ತೃಷ್ಣೆ, ಅಲ್ಲಿಗೆ ಬಾವಿ ಬತ್ತುತ್ತದೆ. ಒಮ್ಮೆ ಸುಮನಸ ಕಲಾ ಸಂಘದ ಕಾರ್ಯದರ್ಶಿ, ನಿವೃತ್ತ ಶಿಕ್ಷಕ ರಾಧಾಕೃಷ್ಣ ಮಾಸ್ಟ್ರು ಧೈರ್ಯ ಮಾಡಿ ಅವರ ಮೇಲೊಂದು ಪದ್ಯ ಬರೆದು ಸಂಘದ ಕರಪತ್ರದಲ್ಲಿ ಅಚ್ಚು ಹಾಕಿಸಿದ್ದರು. ಮೂರನೆಯ ಸಾಲಿನಲ್ಲಿ ಉಷ್ಣ ಬಂತು, ನಾಲ್ಕನೆಯದರಲ್ಲಿ ತೃಷ್ಣೆ ಬಂತು. ಓದಿದವರು ಬ್ರೆಡ್ಡು, ಮುಸುಂಬಿ ಹಿಡಿದುಕೊಂಡು ಜ್ವರ ನೋಡಲು ಬಂದರು.

ಅದೇ ಹೊತ್ತಿಗೆ ಅವರ ಶಾಲೆಯ ಜೊತೆಗಾರ, ಕುಂಬ್ರದ ಅಚ್ಚುತನ ಭಾಗ್ಯವನ್ನು ನೋಡಿ. ಅಚ್ಚುತ, ಮೆಚ್ಚು, ಹೆಚ್ಚು, ಹಚ್ಚು, ಬಿಚ್ಚು, ಮುಚ್ಚು: ಅವನ ಹೆಸರನ್ನು ಬಾಯಲ್ಲಿ ಹೇಳಿದರೆ ಸಾಕು, ಪ್ರಾಸಗಳು ತೊಟ್ಟಿಲ ಮಕ್ಕಳಂತೆ ತಾವಾಗಿ ನಗುತ್ತವೆ. ನಿಜವಾಗಿ ಅದು ಅವನ ಹೆಸರೇ ಅಲ್ಲ. ಅಪ್ಪ ಇಟ್ಟದ್ದು "ಅಚ್ಯುತ". ಒಂದನೇ ಕ್ಲಾಸಿಗೆ ಸೇರಿಸುವ ದಿನ ಬರೆದುಕೊಂಡವರು ಯಕಾರವನ್ನು ನುಂಗಿ ಚಕಾರಕ್ಕೆ ಚಕಾರವನ್ನೇ ಜೋಡಿಸಿಬಿಟ್ಟರು. ಚ್ಯಕಾರಕ್ಕೆ ಪ್ರಾಸ ಹುಡುಕಿ ಹೊರಟವನು ಬರಿಗೈಯಲ್ಲಿ ಹಿಂದಿರುಗುತ್ತಾನೆ. ಚ್ಚಕಾರಕ್ಕಾದರೆ ಗೋಣಿ ಸಾಲದು. ಯಾರದೋ ಪೆನ್ನು ಜಾರಿದ್ದರಿಂದ ಒಬ್ಬ ಮನುಷ್ಯ ಹುಟ್ಟಾ ಸ್ತುತ್ಯನಾದ. ವಿಷ್ಣುಪ್ರಸಾದರ ಹೊಟ್ಟೆಯೊಳಗೆ ಒಂದು ಸಣ್ಣ ಕೆಂಡ ಕೂತದ್ದು ಆ ದಿನವೇ ಎನ್ನಬಹುದು.

ಆದರೂ ಅವರು ಬರೆದ ಮೊತ್ತಮೊದಲ ಪದ್ಯ ಅಚ್ಚುತನ ಮದುವೆಯದ್ದೇ. ತಿಳಿಗುಲಾಬಿ ಕಾಗದದಲ್ಲಿ ಅಚ್ಚಾಗಿ ಪಾನಕದ ಜೊತೆ ಹಂಚಲ್ಪಟ್ಟ ಆ ಪದ್ಯ ಹೀಗಿತ್ತು:

ಅಚ್ಚುತನ ಕೈ ಹಿಡಿದವಳು ತಾ
ಮೆಚ್ಚಿ ಬಂದಳು ಮನೆಯ ಬೆಳಗಲು
ಹೆಚ್ಚಲೀ ಕುಲ ಹಬ್ಬಲೀ ಜಸ ನಿಚ್ಚ ಶುಭವಿರಲಿ
ಬೆಚ್ಚಗಿನ ಗೂಡಾಗಲೀ ಮನೆ
ಕೊಚ್ಚಿ ಹೋಗಲಿ ದುಃಖವೆಲ್ಲವು
ಮುಚ್ಚುಮರೆಯಿರದಿರಲಿ ಸತಿಪತಿ ಮಾತಲೆಂದೆಂದೂ

ಐದನೆಯ ಸಾಲಿನಲ್ಲಿ ಕವಿ ಹೇಳಿದ್ದು ದುಃಖದ ವಿಷಯ. ಆದರೆ ಅಚ್ಚುತ ಪುತ್ತೂರಿನ ಬೀಜದ ಫ್ಯಾಕ್ಟರಿಯಲ್ಲಿ, ಅಂದರೆ ಗೇರುಬೀಜ ಸುಲಿಯುವಲ್ಲಿ, ಮೆಷಿನು ರಿಪೇರಿ ಮಾಡಿಕೊಂಡಿದ್ದವನು, ಮದುವೆಯಾದ ಮರುವರ್ಷವೇ ಬೀಜ ಸುಲಿಯುವ ಯಂತ್ರ ತಯಾರಿಸುವ ಕಂಪೆನಿಯೊಂದನ್ನು ಸೇರಿ ಕೊಚ್ಚಿಗೆ ಹೋದ. ಊರಿನವರು "ವಿಷ್ಣಣ್ಣ ಮೊದಲೇ ಬರೆದಿದ್ರಲ್ಲ, ಕೊಚ್ಚಿ ಹೋಗಲಿ ಅಂತ" ಎಂದು ಕವಿಯ ದಿವ್ಯದೃಷ್ಟಿಯನ್ನು ಕೊಂಡಾಡಿದರು. "ಅದು ದುಃಖ ಮಾರಾಯ್ರೆ, ಕೊಚ್ಚಿಕೊಂಡು ಹೋಗುದು ದುಃಖ" ಎಂದು ಅವರು ಎಷ್ಟು ಹೇಳಿದರೂ ಕೇಳುವವರಿಲ್ಲ. ಕೊಚ್ಚಿಯಿಂದ ಅಚ್ಚುತನನ್ನು ಕಂಪೆನಿ ಆಫ್ರಿಕಕ್ಕೆ ಕಳಿಸಿತು. ತಾಂಜಾನಿಯಾ ದೇಶದ ದಕ್ಷಿಣದ ಮೂಲೆ, ಮ್ತ್ವಾರ ಎಂಬ ಬಂದರು. ತಾನೇ ಪ್ರಾಸಕ್ಕಾಗಿ ಹಾಕಿದ ಒಂದು ಪದ ಈ ಮನುಷ್ಯನನ್ನು ಕಡಲು ದಾಟಿಸಿತಲ್ಲ, ಅಲ್ಲಿ "ಬೆಚ್ಚಿ" ಎಂದು ಬರೆದಿದ್ದರೆ ಕುಂಬ್ರದಲ್ಲೇ ಬೆಚ್ಚಿ ಕೂತಿರುತ್ತಿದ್ದನಲ್ಲ ಎಂದು ವಿಷ್ಣುಪ್ರಸಾದರು ಎಷ್ಟೋ ಸಲ ಹಲುಬಿದ್ದುಂಟು.

ಈಚೆಗೆ ಅಚ್ಚುತ ಊರಿಗೆ ಬಂದು ನೆಲೆಸಿದ. ಸುಮನಸ ಕಲಾ ಸಂಘಕ್ಕೆ ಐವತ್ತು ತುಂಬಿದ್ದೂ ಈ ವರ್ಷವೇ. ಕತೆ ಶುರುವಾಗುವುದು ಇಲ್ಲಿ.

ಒಂದು ಬೆಳಗ್ಗೆ ರಾಧಾಕೃಷ್ಣ ಮಾಸ್ಟ್ರು ಕಡತ ಹಿಡಿದುಕೊಂಡು ವಿಷ್ಣುಪ್ರಸಾದರ ಜಗಲಿ ಹತ್ತಿದರು. ಕಡತ ಕಂಡ ಕೂಡಲೇ ವಾಸಂತಿಯಕ್ಕ ಕೇಸರಿಬಾತು ಮಾಡಲು ಒಳಗೆ ಹೋದರು.

"ಐವತ್ತನೇ ವರ್ಷಕ್ಕೆ ಒಂದೇ ಒಂದು ಸನ್ಮಾನ ಮಾಡುದು ಅಂತ ನಿಶ್ಚಯ ಆಗಿದೆ," ಎಂದರು ಮಾಸ್ಟ್ರು.

"ಒಂದೇ ಒಳ್ಳೇದು. ಹೆಚ್ಚಾದರೆ ಬೆಲೆ ಇರುದಿಲ್ಲ," ಎಂದರು ವಿಷ್ಣುಪ್ರಸಾದರು, ಕಣ್ಣು ತಗ್ಗಿಸಿ.

"ಊರಿನ ಹೆಸರನ್ನು ದೂರ ದೂರಕ್ಕೆ ತೆಕ್ಕೊಂಡು ಹೋದವರಿಗೆ."

ಕೊಲ್ಲಮೊಗ್ರಿನ ಕಾಲುಸಂಕ ನೆನಪಾಗಿ ವಿಷ್ಣುಪ್ರಸಾದರು ತಲೆದೂಗಿದರು. ಅದು ದೂರವೇ.

"ಸಣ್ಣಂದಿನಿಂದ ನಿಮಗೆ ಗೊತ್ತಿದ್ದವರೇ."

"ಚೆನ್ನಾಗಿ ಗೊತ್ತುಂಟು."

"ನಿಮ್ಮಷ್ಟು ಅವರನ್ನು ಬಲ್ಲವರು ಬೇರೆ ಯಾರೂ ಇಲ್ಲ."

"ಅದೂ ಹೌದು."

"ಹಾಗಾಗಿ ಸನ್ಮಾನಪತ್ರದ ಪದ್ಯವನ್ನೂ ನೀವೇ ಬರೀಬೇಕು."

ಇಲ್ಲಿ ವಿಷ್ಣುಪ್ರಸಾದರಿಗೆ ಸ್ವಲ್ಪ ಸಂಕೋಚವಾಯಿತು. ಆದರೆ ನೆನೆದು ನೋಡಿದರೆ, ಆ ಷ್ಣಕಾರದ ಬೆಟ್ಟವನ್ನು ಹತ್ತುವ ಶಕ್ತಿ ಬೇರೆ ಯಾರಿಗಿದೆ? "ನಾನೇ ಬರೆದರೆ ಜನ ಎಂತ ಹೇಳಿಯಾರು, ಮಾಸ್ಟ್ರೆ?"

"ಎಂತ ಹೇಳುದು? ದೋಸ್ತಿ ದೋಸ್ತಿಗೆ ಬರೆದರೆ ಸಂತೋಷ ಅಲ್ವಾ?"

"ದೋಸ್ತಿಗೆ?"

"ಅಚ್ಚುತನಿಗೆ."

ವಾಸಂತಿಯಕ್ಕ ಆ ಹೊತ್ತಿಗೆ ಕೇಸರಿಬಾತಿನ ಎರಡು ತಟ್ಟೆ ಹಿಡಿದುಕೊಂಡು ಬಾಗಿಲ ತನಕ ಬಂದಿದ್ದರು. ಗಂಡನ ಮುಖ ನೋಡಿ, ದ್ರಾಕ್ಷಿ ಹೆಚ್ಚಿದ್ದ ತಟ್ಟೆಯನ್ನು ಮಾಸ್ಟ್ರಿಗೆ ಕೊಡುವ ಬದಲು ಗಂಡನಿಗೇ ಕೊಟ್ಟರು. ಆ ಮನೆಯಲ್ಲಿ ಅದಕ್ಕಿಂತ ದೊಡ್ಡ ಸಾಂತ್ವನವಿಲ್ಲ.

ವಿಷ್ಣುಪ್ರಸಾದರು ತಟ್ಟೆ ಕೆಳಗಿಟ್ಟು ಯುದ್ಧಕ್ಕೆ ನಿಂತರು. ಅವರ ಬತ್ತಳಿಕೆಯಲ್ಲಿ ಒಂದೇ ಒಂದು ಬಾಣವಿತ್ತು. "ಬರೀಲಿಕ್ಕೆ ತೊಂದರೆ ಇಲ್ಲ. ಆದರೆ ಶಾಸ್ತ್ರ ಬಿಡುದಿಲ್ಲ. ಅವನ ಹೆಸರು ಶುದ್ಧ ರೂಪದಲ್ಲಿ ಅಚ್ಯುತ. ಐವತ್ತನೇ ವರ್ಷದ ಸನ್ಮಾನಪತ್ರದಲ್ಲಿ ಅಪಶಬ್ದ ಬರೀಲಿಕ್ಕೆ ಆಗುದಿಲ್ಲ. ಶುದ್ಧ ಮಾಡಿದರೆ ಪ್ರಾಸ ಸಿಕ್ಕುದಿಲ್ಲ. ಹಾಗಾಗಿ ಈ ಸನ್ಮಾನವೇ ಛಂದಸ್ಸಿಗೆ ಕೂತುಕೊಳ್ಳುದಿಲ್ಲ."

"ಆಧಾರ್ ಕಾರ್ಡಿನಲ್ಲಿ ಅಚ್ಚುತ ಅಂತಲೇ ಉಂಟು, ವಿಷ್ಣಣ್ಣ. ಸರಕಾರ ಒಪ್ಪಿಕೊಂಡದ್ದನ್ನು ಛಂದಸ್ಸು ಒಪ್ಪಿಕೊಳ್ಳುದಿಲ್ವಾ?"

"ಛಂದಸ್ಸು ಸರಕಾರಕ್ಕಿಂತ ಹಳೆಯದು."

"ಹಾಗಾದರೆ ಬಿಡಿ, ನಿಮಗೆ ಉಪದ್ರ ಬೇಡ," ಎಂದು ಮಾಸ್ಟ್ರು ಕಡತ ಮುಚ್ಚಿದರು. "ಈಗ ಮೊಬೈಲಿನಲ್ಲಿ ಹೆಸರು ಹಾಕಿದರೆ ಅದುವೇ ಪದ್ಯ ಬರೆದು ಕೊಡ್ತದಂತೆ. ನನ್ನ ಮೊಮ್ಮಗಳು ತೋರಿಸಿದಳು. ಒಳ್ಳೆ ಇರ್ತದೆ."

ವಿಷ್ಣುಪ್ರಸಾದರು ಆ ಕಡತದ ಮೇಲೆ ಕೈಯಿಟ್ಟರು. ಅಚ್ಚುತನಿಗೆ ಶಾಲು ಹೋಗುವುದು ಒಂದು ನೋವು. ಆ ಶಾಲಿನ ಜೊತೆಗೆ ಓದುವ ಪದ್ಯವನ್ನು ಮೂರೂವರೆ ಇಂಚು ಅಗಲದ ಯಂತ್ರ ಬರೆಯುವುದೆಂದರೆ, ಇರುವ ಒಂದೇ ಸಿಂಹಾಸನವೂ ಹೋದಂತೆ. "ಮೊಬೈಲಿಗೆ ಮಾತ್ರೆ ಎಂತ ಗೊತ್ತು," ಎಂದರು ಅವರು. "ನಾನು ಬರೀತೇನೆ."

ಹೀಗೆ ಆ ಮಹಾಕಾರ್ಯ ಆರಂಭವಾಯಿತು. ಬರೆಯಲು ಕೂತ ಮೇಲೆ ತಿಳಿದದ್ದೇನೆಂದರೆ, ಕನ್ನಡ ಭಾಷೆಯೇ ಅವರ ಮನಸ್ಸನ್ನು ಓದಿಬಿಟ್ಟಿತ್ತು. ಮದುವೆಯ ಪದ್ಯಕ್ಕೆ ಬಂದಿದ್ದ ಸಾಧು ಪ್ರಾಸಗಳು ಒಂದೂ ಬರುವುದಿಲ್ಲ. ಅಚ್ಚುತ ಎಂದರೆ ಕಿಚ್ಚು ಬರುತ್ತದೆ. ಕಿಚ್ಚನ್ನು ಓಡಿಸಿದರೆ ರೊಚ್ಚು, ರೊಚ್ಚನ್ನು ಓಡಿಸಿದರೆ ಕಚ್ಚು, ಚುಚ್ಚು, ಕೊಚ್ಚು, ಹುಚ್ಚು. ಬಾಗಿಲಿಗೆ ಅಗುಳಿ ಹಾಕಿದರೂ ಹಿತ್ತಿಲಿಂದ ಹಳಗನ್ನಡದ ಒಂದು ಪದ ಬಂದು ಕೂತಿತು: ಮಚ್ಚರ. ಮತ್ಸರಕ್ಕೆ ಹಿಂದಿನವರು ಹೇಳುತ್ತಿದ್ದ ಮಾತು. ಅಚ್ಚುತನಿಗೆ ಇಷ್ಟು ಸರಿಯಾಗಿ ಕೂಡುವ ಪ್ರಾಸ ಮತ್ತೊಂದಿಲ್ಲ. ವಿಷ್ಣುಪ್ರಸಾದರು ಅದನ್ನು ತೋಟಕ್ಕೆ ಹೋಗಿ ಬಿಟ್ಟು ಬಂದರು. ಊಟಕ್ಕೆ ಕೂತಾಗ ಅದು ಎಲೆಯ ಎದುರೇ ಇತ್ತು.

"ಎಂತ ಗೊಣಗುದು, ಸಾರಿಗೆ ಉಪ್ಪು ಹೆಚ್ಚಾಯ್ತಾ?" ಎಂದರು ವಾಸಂತಿಯಕ್ಕ.

"ಹೆಚ್ಚು ಬೇಡ. ಅದನ್ನು ಮದುವೆಯಲ್ಲೇ ಉಪಯೋಗಿಸಿ ಆಯ್ತು."

"ಅಚ್ಚುತಣ್ಣನ ಹತ್ರ ಹೋಗಿ ಮಾತಾಡಿ ಬನ್ನಿ. ಅವರು ಮಾಡಿದ್ದು ಎಂತ ಅಂತ ಗೊತ್ತಾದರೆ ಪದ ಬರ್ತದೆ."

ಮರುದಿನ ವಿಷ್ಣುಪ್ರಸಾದರು ಕೊಡೆಯನ್ನು ಮೊಳೆಯಿಂದ ಇಳಿಸಿ, ಬಸ್ಸೆಂಬ ರಥವೇರಿ, ಪುತ್ತೂರಿನಲ್ಲಿ ರಥ ಬದಲಿಸಿ ಕುಂಬ್ರಕ್ಕೆ ದಂಡೆತ್ತಿ ಹೋದರು. ಅಚ್ಚುತ ಜಗಲಿಯಲ್ಲೇ ಇದ್ದ. ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ನಗು ಮಾತ್ರ ಶಾಲೆಯ ಕಾಲದ್ದೇ. ಅದು ಕೂಡ ವಿಷ್ಣುಪ್ರಸಾದರಿಗೆ ಸೇರಲಿಲ್ಲ. ಕೆಲವರ ನಗುವಿಗೂ ವಯಸ್ಸಾಗುವುದಿಲ್ಲ.

"ಬಾ ವಿಷ್ಣು, ನೀನೇ ಬರೀತಿಯಂತೆ. ನಾನು ಹೇಳಿದೆ, ಅವ ಬರೆದರೆ ಮಾತ್ರ ನಾನು ಕುರ್ಚಿಯಲ್ಲಿ ಕೂರುದು ಅಂತ."

"ಅಲ್ಲಿ ಎಂತ ಮಾಡಿದ್ದಿ, ಅದನ್ನು ಹೇಳು. ಚುಟುಕಾಗಿ."

ಅಚ್ಚುತನಿಗೆ ಚುಟುಕು ಎಂಬುದು ಗೊತ್ತಿಲ್ಲ. ಮ್ತ್ವಾರದ ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಗೇರು ಮರ, ಪುತ್ತೂರಿನ ಎಲ್ಲ ಗುಡ್ಡ ಸೇರಿಸಿದರೂ ಅದರ ಒಂದು ಮೂಲೆಗೆ ಸಾಲದು ಎಂದ. ಮರ ಅವರದ್ದು, ಬೀಜ ಅವರದ್ದು, ಗೋಣಿಗೆ ತುಂಬಿ ಹಡಗಿಗೆ ಹಾಕುವುದು ಅವರು. ಸುಲಿದು ತಿರುಳು ಮಾಡಿ ಮಾರುವುದು ನಾವು ಮತ್ತು ವಿಯೆಟ್ನಾಮಿನವರು.

"ಹಿಂದೆ ಅಲ್ಲೇ ಸುಲಿಯಬೇಕು ಅಂತ ದೊಡ್ಡ ದೊಡ್ಡ ಫ್ಯಾಕ್ಟರಿ ಕಟ್ಟಿದ್ರು ಮಾರಾಯ. ಹೆಚ್ಚಿನದ್ದಕ್ಕೆ ಬೀಗ ಬಿತ್ತು, ಗೋಡೌನು ಆಯ್ತು. ನಮ್ಮ ಕಂಪೆನಿಯವರು ಒಂದನ್ನು ಸಣ್ಣ ಮಟ್ಟಿಗೆ ತೆರೆದ್ರು. ಕರೆಂಟು ಇದ್ದ ದಿನ ಮೆಷಿನಿಗೆ ಬೆಲ್ಟು ಇಲ್ಲ. ಬೆಲ್ಟು ಬಂದ ದಿನ ಮಳೆಗೆ ರೋಡು ಹೋಗಿರ್ತದೆ. ರೋಡು ಸರಿಯಾದ ಮೇಲೆ ಬೀಜ ಇರುದಿಲ್ಲ, ಹಡಗಿನವರು ರೊಕ್ಕ ಮುಂಗಡ ಕೊಟ್ಟು ಬಳಿದುಕೊಂಡು ಹೋಗಿರ್ತಾರೆ. ಬೀಜ ಬೆಳೆದವನ ಮನೆಯ ಮಕ್ಕಳು ತಿರುಳಿನ ರುಚಿ ನೋಡುದು ಹಬ್ಬಕ್ಕೆ. ಅಲ್ಲಿ ಸುಲಿಯುವ ಕೆಲಸಕ್ಕೆ ಬರುವ ಹೆಂಗಸರು ಕಲಿಯುದು ನೋಡಬೇಕು ನೀನು. ನಾನು ಒಂದು ಸಲ ತೋರಿಸಿದ್ದು, ಅವರು ನನಗೇ ತಿರುಗಿ ಕಲಿಸಿದ್ರು."

ಇದನ್ನು ಕೇಳಿ ವಿಷ್ಣುಪ್ರಸಾದರ ಹೊಟ್ಟೆಯ ಕೆಂಡ ಗಾಳಿ ಸಿಕ್ಕಿದಂತೆ ಹೊಳೆಯಿತು. ಇಷ್ಟೊಂದು ಕಷ್ಟ ಒಟ್ಟಿಗೆ ಇರುವ ಊರು ಸಿಕ್ಕಿದರೆ ಯಾರಾದರೂ ದೊಡ್ಡ ಮನುಷ್ಯನಾಗುತ್ತಾನೆ. ತನಗೆ ಸಿಕ್ಕಿದ್ದು ನರಿಮೊಗರು. ಇಲ್ಲಿ ಶಾಲೆ ಇದೆ, ರಸ್ತೆ ಇದೆ, ಹಾಲಿನ ಸೊಸೈಟಿ ಇದೆ. ಉದ್ಧಾರ ಮಾಡೋಣವೆಂದರೆ ಒಂದು ಮನೆ ಬಾಕಿ ಇಲ್ಲ.

"ಮ್ತ್ವಾರ," ಎಂದರು ಅವರು, ಏನಾದರೂ ಒಂದು ಕುಂದು ಹುಡುಕಬೇಕಲ್ಲ. "ಇದೆಂಥ ಹೆಸರು? ಪದ್ಯದ ಯಾವ ಗಣದಲ್ಲಿ ಕೂರಿಸುದು ಇದನ್ನು? ಪದ್ಯಕ್ಕೆ ಒಗ್ಗದ ಊರು."

"ಪದ್ಯಕ್ಕೆ ಒಗ್ಗುದಿಲ್ವಾ? ಅಲ್ಲಿ ಪದ್ಯ ಇಲ್ಲದೆ ಎಂತದೂ ಇಲ್ಲ ಮಾರಾಯ. ಮದುವೆಗೆ ಪದ್ಯ, ಬೀಳ್ಕೊಡುಗೆಗೆ ಪದ್ಯ, ಕಾಯಿಲೆಯ ಬಗ್ಗೆ ಎಚ್ಚರ ಹೇಳ್ಲಿಕ್ಕೂ ಪದ್ಯ. ಸ್ವಾಹಿಲಿ ಭಾಷೆ. ಉದ್ದಕ್ಕೆ ಹೊಗಳುದಕ್ಕೆ ಅವರಲ್ಲಿ ಒಂದು ಕಟ್ಟು ಉಂಟು, ಉತೆಂಜಿ ಅಂತ. ನಾಲ್ಕು ಸಾಲು. ಸಾಲಿಗೆ ಎಂಟು ಅಕ್ಷರ, ಹೆಚ್ಚಿಲ್ಲ, ಕಡಿಮೆ ಇಲ್ಲ."

"ಮಾತ್ರೆ ಎಷ್ಟು?"

"ಮಾತ್ರೆ ಇಲ್ಲ. ಅಕ್ಷರ ಎಣಿಸುದು, ಬೆರಳಲ್ಲಿ. ಪ್ರಾಸ ಸಾಲಿನ ಕೊನೆಗೆ."

"ಬಾಲದಲ್ಲಿ ಪ್ರಾಸ," ಎಂದು ವಿಷ್ಣುಪ್ರಸಾದರು 'ಬಾಲ' ಎಂಬುದನ್ನು ಒತ್ತಿ ಹೇಳಿದರು. "ಸುಲಭ."

"ಸುಲಭವೋ ಕಷ್ಟವೋ, ನಾನು ಹೊರಡುವಾಗ ಆ ಹೆಂಗಸರು ಸೇರಿ ನನ್ನ ಮೇಲೆ ಒಂದು ಕಟ್ಟಿದ್ರು. ಹಾಡಿದ್ದು ಎಷ್ಟು ಹೊತ್ತು ಅಂತಿ? ಅನ್ನ ತಣಿದು ಹೋಯ್ತು. ಅವರಲ್ಲಿ ಹಿರಿಯವಳು ಒಬ್ಬಳು ಬಿ ಸೋಮೋಯೆ ಅಂತ. ಬಿ ಅಂದರೆ ನಮ್ಮಲ್ಲಿ ಅಕ್ಕ ಅಂದ ಹಾಗೆ. ಅವಳ ಬಾಯಲ್ಲಿ ಪದ್ಯ ನೀರು. ಇನ್ನೊಂದು ಸಂಗತಿ ಉಂಟು, ಅದು ನೀನು ಕೇಳಲೇಬೇಕು…"

ವಿಷ್ಣುಪ್ರಸಾದರು ಎದ್ದು ನಿಂತಿದ್ದರು. ಸನ್ಮಾನ ಇಲ್ಲಿ ಆಗುವ ಮೊದಲೇ ಇವನು ಕಡಲಾಚೆ ಸ್ತುತ್ಯನಾಗಿ ಬಂದಿದ್ದಾನೆ. ಅದೂ ಗಂಟೆಗಟ್ಟಲೆ. ತನ್ನ ಒಂದು ಷಟ್ಪದಿ ಈಗ ಊಟದ ನಂತರ ಬಂದ ಉಪ್ಪಿನಕಾಯಿ. "ಬಸ್ಸು ಬಂತು," ಎಂದು ಅವರು ಹೊರಟೇಬಿಟ್ಟರು.

"ಇನ್ನೂ ಕಾಲು ಗಂಟೆ ಉಂಟು ಬಸ್ಸಿಗೆ," ಎಂದು ಹಿಂದಿನಿಂದ ಅಚ್ಚುತ ಕೂಗಿದ. ಬಸ್ಸಿಗಿತ್ತು, ವಿಷ್ಣುಪ್ರಸಾದರಿಗೆ ಇರಲಿಲ್ಲ.

ಆ ಕಾಲು ಗಂಟೆ ಕುಂಬ್ರದ ಬಸ್ ಸ್ಟ್ಯಾಂಡಿನಲ್ಲಿ ನಿಂತೇ ಅವರು ಪದ್ಯ ಮುಗಿಸಿದರು. ಹೊಟ್ಟೆಕಿಚ್ಚಿನಷ್ಟು ಚುರುಕಾದ ವಾಗ್ದೇವಿ ಬೇರೆ ಇಲ್ಲವೆಂದು ಅಂದು ಸಿದ್ಧವಾಯಿತು. ಮೇಲ್ನೋಟಕ್ಕೆ ಅದು ಹೊಗಳಿಕೆ. ಆದರೆ ನಾಲ್ಕನೆಯ ಸಾಲಿನಲ್ಲಿ ಒಂದು ಮುಳ್ಳಿತ್ತು, ಮೂರನೆಯದರಲ್ಲಿ ಒಂದು ಹೊಗೆಯಿತ್ತು, ಆರನೆಯದರಲ್ಲಿ ಓಡಿಸಿದರೂ ಓಡದ ಆ ಹಳಗನ್ನಡದ ಪದವೇ ವೇಷ ಮರೆಸಿಕೊಂಡು ಕೂತಿತ್ತು.

ಸುಮನಸ ಕಲಾ ಸಂಘದ ಸಭಾಭವನ ಆ ಭಾನುವಾರ ಬೆಳಗ್ಗೆ ತುಂಬಿತ್ತು. ವೇದಿಕೆಯಲ್ಲಿ ಎತ್ತರದ ಬೆನ್ನಿನ ಕುರ್ಚಿ. ಅದರಲ್ಲಿ ಅಚ್ಚುತ, ತಲೆಗೆ ಪೇಟ, ಹೆಗಲಿಗೆ ಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿ. ವಿಷ್ಣುಪ್ರಸಾದರ ಕಣ್ಣು ಶಾಲಿನ ಮೇಲೆಯೇ ಇತ್ತು. ಜರಿ ಅಗಲವಾಗಿಯೇ ಇದೆ. ಎದುರಿನ ಸಾಲಿನಲ್ಲಿ ಪುತ್ತೂರಿನ ಬೀಜದ ವ್ಯಾಪಾರಿ ಅಹ್ಮದ್ ಕುಂಞಿ ಕೂತಿದ್ದರು. ಪಕ್ಕದವರಿಗೆ ಅವರು ಹೇಳುತ್ತಿದ್ದುದು ವೇದಿಕೆಗೂ ಕೇಳುತ್ತಿತ್ತು: "ಸನ್ಮಾನ ಮಾಡ್ಲಿ, ಬೇಡ ಹೇಳುದಿಲ್ಲ. ಆದರೆ ಇವ ಅಲ್ಲಿಯವರಿಗೆ ಸುಲಿಯುದು ಪೂರಾ ಕಲಿಸಿ ಬಿಟ್ಟರೆ ನಾವು ಇಲ್ಲಿ ಎಂತ ಸುಲಿಯುದು?" ಅಂದರೆ ಸಭೆಯಲ್ಲಿ ಮಚ್ಚರದ ಪ್ರಾಸ ಹಿಡಿದವರು ಇನ್ನೊಬ್ಬರೂ ಇದ್ದರು.

ವಿಷ್ಣುಪ್ರಸಾದರು ಮೈಕಿನ ಎದುರು ನಿಂತು ಕಂಠ ಸರಿಮಾಡಿಕೊಂಡು ಓದಿದರು:

ಅಚ್ಚುತಾ ನೀ ಕಡಲ ದಾಟಿದೆ
ಬಿಚ್ಚಿ ಬೀಜದ ಸಿಪ್ಪೆ ತಿರುಳನು
ಹಚ್ಚಿದೆಯೊ ಬೆಳಕನ್ನು ಕತ್ತಲ…

"ಕತ್ತಲ ನಾಡ ಮನೆಮನೆಗೆ" ಎಂದು ಆಗಬೇಕಿತ್ತು. ಕತ್ತಲ ಎಂಬಲ್ಲಿಗೆ ಕರೆಂಟು ಹೋಯಿತು. ಮೈಕು ಸತ್ತಿತು, ಫ್ಯಾನುಗಳು ನಿಧಾನವಾಗಿ ನಿಂತವು, ಕಿಟಕಿ ಕಡಿಮೆಯಿದ್ದ ಭವನ ಹಲಸಿನ ಹಣ್ಣಿನ ಒಳಗಿನಂತೆ ಬೆಚ್ಚಗಾಯಿತು. ವಿಷ್ಣುಪ್ರಸಾದರು "ನಾಡ ಮನೆಮನೆಗೆ" ಎಂದು ಹೇಗೋ ಸಾಲು ಮುಗಿಸಿದರು. ಕುರ್ಚಿಯಿಂದ ಅಚ್ಚುತ ಗಟ್ಟಿಯಾಗಿ ಕೇಳಿದ: "ಯಾವ ನಾಡು ಅಂದಿ ವಿಷ್ಣು?"

ಸಭೆ ನಕ್ಕಿತು. ವಿಷ್ಣುಪ್ರಸಾದರು ಮೈಕಿಲ್ಲದೆ ಮುಂದುವರಿಸಿದರು. ಸ್ವರ ಸ್ವಲ್ಪ ತಗ್ಗಿತ್ತು.

ಕೊಚ್ಚಿಕೊಂಡೆಯೊ ಕೀರ್ತಿ ಹೊಳೆಯಲಿ
ಮೆಚ್ಚಿತೈ ಮೂರೂರು ನಿನ್ನನು
ಮಚ್ಚರವ ಮರೆತೆಲ್ಲ ಗೆಳೆಯರು ನಗುತ ಹರಸುವರು

ನಾಲ್ಕನೆಯ ಸಾಲಿನ ಮುಳ್ಳು ಹೀಗಿತ್ತು: ಕೀರ್ತಿಯ ಹೊಳೆ ನಿನ್ನನ್ನು ಸೆಳೆದುಕೊಂಡು ಹೋಯಿತು ಎಂದೂ ಆಗುತ್ತದೆ, ಬೇಕಷ್ಟು ಜಂಬ ಕೊಚ್ಚಿಕೊಂಡೆ ಎಂದೂ ಆಗುತ್ತದೆ. ಇಂಥ ಮುಳ್ಳು ಚುಚ್ಚುವಾಗ ಎದುರಿನವನ ಮುಖ ನೋಡುವುದೇ ಕವಿಗೆ ಸಂಭಾವನೆ. ನೋಡಿದರೆ ಅಚ್ಚುತ ಹಣ್ಣಿನ ಬುಟ್ಟಿಯ ಮೇಲೆ ತಾಳ ಹಾಕುತ್ತಿದ್ದಾನೆ.

ಉತ್ತರ ಕೊಡಲು ಅವನು ಎದ್ದ. ಮೈಕು ಬೇಕಾಗಲಿಲ್ಲ, ಮೆಷಿನುಗಳ ಸದ್ದಿನ ನಡುವೆ ಮಾತಾಡಿ ಬೆಳೆದ ಸ್ವರ.

"ನಾನು ಕೊಚ್ಚಿಕೊಳ್ಳುದು ಹೌದು," ಎಂದ ಅವನು. "ವಿಷ್ಣು ಸರಿಯಾಗಿಯೇ ಬರೆದಿದ್ದಾನೆ. ಅವನ ಮೊದಲನೇ ಪದ್ಯದಲ್ಲಿ ಕೊಚ್ಚಿಗೆ ಕಳಿಸಿದ, ಎರಡನೇ ಪದ್ಯದಲ್ಲಿ ಕೊಚ್ಚಿಕೊಂಡು ಬಂದೆ ಅಂದ. ಕತ್ತಲ ನಾಡು ಅಂದದ್ದು ಮಾತ್ರ ಒಪ್ಪುದಿಲ್ಲ. ಕರೆಂಟು ಅಲ್ಲಿಯೂ ಹೋಗ್ತದೆ, ಇಲ್ಲಿಯೂ ಹೋಗ್ತದೆ. ಅಲ್ಲಿ ಹೋದರೆ ಹೆಂಗಸರು ಮೆಷಿನು ಬಿಟ್ಟು ಪದ್ಯ ಶುರು ಮಾಡ್ತಾರೆ. ಇಲ್ಲಿ ಹೋದರೆ ನಾವು ಮೆಸ್ಕಾಂಗೆ ಫೋನು ಮಾಡುದು."

ಆಮೇಲೆ ಅವನು ಕುಂಬ್ರದ ಜಗಲಿಯಲ್ಲಿ ಹೇಳಲಾಗದೆ ಉಳಿದ ಸಂಗತಿಯನ್ನು ಹೇಳಿದ. ಆ ಬೀಳ್ಕೊಡುಗೆಯ ದಿನ ಬಿ ಸೋಮೋಯೆ ಅವನನ್ನು ಕೇಳಿದ್ದಳು: ನಿನ್ನ ಊರಿನಲ್ಲಿ ನಿನ್ನ ಮೇಲೆ ಯಾರಾದರೂ ಕಟ್ಟಿದ್ದುಂಟಾ? ಅವನಿಗೆ ಬಾಯಿಗೆ ಬರುತ್ತಿದ್ದುದು ಮದುವೆಯ ಆ ಒಂದೇ ಪದ್ಯ. ಹೇಳಿದ. ಹೆಂಗಸರೆಲ್ಲ ಬೆರಳು ಮಡಚಿ ಅಕ್ಷರ ಎಣಿಸಿದರು. ಯಾವ ಸಾಲೂ ಎಂಟಕ್ಕೆ ನಿಲ್ಲದೆ ಅವರಿಗೆ ತಲೆಬಿಸಿಯಾಯಿತು. ಆದರೂ ರಾಗ ಮೆಚ್ಚಿ, ಕಟ್ಟಿದವರು ಯಾರು ಎಂದು ಕೇಳಿದರು. ಅವರಲ್ಲಿ ಕವಿ ಕೊನೆಯಲ್ಲಿ ತನ್ನ ಹೆಸರು ಹೇಳಿಯೇ ಮುಗಿಸುವುದು ಪದ್ಧತಿ. ಹೆಸರೇ ಹಾಕದೆ ಹೋದ ಕವಿಯ ಮೇಲೆ ಅವರಿಗೆ ಪಾಪ ಅನಿಸಿತು. ಅಚ್ಚುತನನ್ನು ಹೊಗಳುವ ತಮ್ಮ ಪದ್ಯದ ಕೊನೆಗೆ ಆ ಕವಿಯ ಮೇಲೆಯೂ ನಾಲ್ಕು ಸಾಲು ಅಲ್ಲಿಯೇ ಕಟ್ಟಿದರು.

"ವಿಷ್ಣು ಅಂತ ಅವರಿಗೆ ಹೇಳ್ಲಿಕ್ಕೆ ಬರುದಿಲ್ಲ. ಒತ್ತಕ್ಷರಕ್ಕೆ ಮಧ್ಯ ಒಂದು ಸ್ವರ ಹಾಕ್ತಾರೆ. ವಿಶಿನು ಆಯ್ತು. ಕೇಳಿ," ಎಂದು ಅಚ್ಚುತ ಬೆರಳು ಮಡಚುತ್ತಾ ಹಾಡಿದ:

ಮ್-ಶಾ-ಇ-ರಿ ನಿ ವಿ-ಶಿ-ನು
ಅ-ಮೆ-ತುಂ-ಗ ವಿಂ-ಬೊ ವೆ-ನು

"ಕವಿ ಯಾರೆಂದರೆ ವಿಶಿನು, ನಿಮ್ಮ ಹಾಡು ಕಟ್ಟಿದವನು ಅವನು ಅಂತ ಅರ್ಥ. ಮೂರನೇ ಸಾಲಿನಲ್ಲಿ, ಇವತ್ತಿನಿಂದ ಆ ಹಾಡು ನಿಮ್ಮದೂ ಹೌದು ನಮ್ಮದೂ ಹೌದು ಅಂತ. ನಾಲ್ಕನೇದು ಅವನಿಗೆ ಉಪಕಾರ ಹೇಳುದು. ನಾನು ಬಿ ಸೋಮೋಯೆಗೆ ಹೇಳಿದೆ, ಅವನ ಹೆಸರಿಗೆ ನಮ್ಮಲ್ಲಿ ಪ್ರಾಸವೇ ಸಿಗುದಿಲ್ಲ, ಪಾಪ ಅಂತ. ಅವಳು ನಕ್ಕದ್ದು ಈಗಲೂ ಕಿವಿಯಲ್ಲಿ ಉಂಟು. ಅವರ ಭಾಷೆಯಲ್ಲಿ 'ನಿಮ್ಮ' ಎನ್ನುವ ಮಾತೆಲ್ಲ ಮುಗಿಯುದು 'ನು' ಎಂದೇ. ವೆನು, ಝೆನು, ಚೆನು, ಯೆನು. ವಿಶಿನುವಿಗೆ ಬೇಕಾದರೆ ರಾತ್ರಿ ಬೆಳಗಾಗುವ ತನಕ ಪ್ರಾಸ ಹಾಕ್ತೇನೆ ಅಂದಳು."

ಸಭೆ ಚಪ್ಪಾಳೆ ತಟ್ಟಿತು. ಅಹ್ಮದ್ ಕುಂಞಿ ಎದ್ದು ನಿಂತು "ವಿಷ್ಣಣ್ಣ, ನೀವು ಹೋಗದೆ ನಿಮ್ಮ ಹೆಸರು ಹೋಯ್ತಲ್ಲ ಮಾರಾಯ್ರೆ, ನನ್ನ ಬೀಜಕ್ಕಾದರೆ ಹಡಗು ಬೇಕು" ಎಂದರು. ರಾಧಾಕೃಷ್ಣ ಮಾಸ್ಟ್ರು ಕಣ್ಣೊರೆಸಿಕೊಂಡರು, ಬೆವರೂ ಇದ್ದಿರಬಹುದು.

ವಿಷ್ಣುಪ್ರಸಾದರು ಹೊಸ ಸೊಸೆಯಂತೆ ನಿಂತಿದ್ದರು. ಒಂದು ಶಾಲು, ಒಂದು ಹಾರ, ಕಟ್ಟಿನ ಒಂದು ಕಾಗದ ಎಂದು ಇಷ್ಟು ವರ್ಷ ಹಂಬಲಿಸಿದ್ದು ಆಗಿಹೋಗಿದೆ, ತನಗೆ ತಿಳಿಸದೆ, ಕಡಲಾಚೆ, ಬಾಲಪ್ರಾಸದಲ್ಲಿ. ಕೊನೆಗೆ ಅವರ ಬಾಯಿಂದ ಬಂದ ಮಾತು ಒಂದೇ: "ವಿಶಿನು ಅಲ್ಲ ಮಾರಾಯ. ವಿಷ್ಣು. ಷಕಾರಕ್ಕೆ ಣಕಾರ ಒತ್ತು."

ಅಂದಿನಿಂದ ಅವರಿಗೆ ಅಚ್ಚುತನ ಮೇಲಿನ ಹೊಟ್ಟೆಕಿಚ್ಚು ಇಳಿದುಹೋಯಿತು. ಆದರೆ ಅಷ್ಟು ವರ್ಷ ಸಾಕಿದ ಕೆಂಡ ಸುಮ್ಮನೆ ಆರುತ್ತದೆಯೇ? ಎರಡು ದಿನ ಬಿಟ್ಟು ಜಗಲಿಯಲ್ಲಿ ಕೂತು ಅವರು ವಾಸಂತಿಯಕ್ಕನನ್ನು ಕರೆದರು.

"ಅವನಿಗೆ ಏನೂ ಕಷ್ಟ ಇಲ್ಲ ನೋಡು."

"ಯಾರಿಗೆ? ಅಚ್ಚುತಣ್ಣನಿಗಾ?"

"ಅವನಿಗಲ್ಲ. ಆ ವಿಶಿನುವಿಗೆ. ಒಂದು ಪದ್ಯ ಬರೆದು ಕೂತ. ಕಾಲುಸಂಕ ಹೊಗಳಲಿಲ್ಲ, ಹಾಲಿನ ಯಂತ್ರ ಹೊಗಳಲಿಲ್ಲ. ಒಂದು ಊರಿನ ಹೆಂಗಸರೆಲ್ಲ ಅವನ ಹೆಸರು ಹಾಡ್ತಾರೆ. ಪ್ರಾಸ ಬೇಕಾದಷ್ಟು. ನಾನು ಇಲ್ಲಿ ಉಷ್ಣ, ತೃಷ್ಣೆ ಅಂತ ಒದ್ದಾಡುದು."

"ಅದು ನೀವೇ ಅಲ್ವಾ?"

"ನಾನಾದರೆ ನನಗೆ ಗೊತ್ತಿರಬೇಕಿತ್ತಲ್ಲ."

ವಿಶಿನುವನ್ನು ಮೀರಿಸಲು ದಾರಿ ಒಂದೇ. ಬಿ ಸೋಮೋಯೆಯ ಮೇಲೆ ತಾನೇ ಒಂದು ಪದ್ಯ ಕಟ್ಟಿ ಅಚ್ಚುತನ ಮೊಬೈಲಿನಿಂದ ಮ್ತ್ವಾರಕ್ಕೆ ಕಳಿಸುವುದು, ಕೊನೆಯಲ್ಲಿ ಷಕಾರ ಣಕಾರ ಸಮೇತ ಸರಿಯಾದ ಹೆಸರು ಹಾಕುವುದು. ಸೋಮೋಯೆಗೆ ಪ್ರಾಸದ ಬರವಿಲ್ಲ. ಭೂಮಿ, ಸೀಮೆ, ನಾಮ, ಪ್ರೇಮ. ವಿಷ್ಣುಪ್ರಸಾದರ ಬೆರಳುಗಳು ಮಡಚಿಕೊಂಡವು, ತುಟಿ ಅಲುಗಿತು. ಬಹಳ ವರ್ಷಗಳ ಮೇಲೆ ಅವರ ಮುಖದಲ್ಲಿ ಹಬ್ಬದ ಕಳೆಯಿತ್ತು.

"ಎಂತ, ಪ್ರೇಮ ಅಂದ ಹಾಗೆ ಕೇಳಿಸ್ತಲ್ಲ," ಎಂದರು ವಾಸಂತಿಯಕ್ಕ, ಹೋಗುತ್ತಿದ್ದವರು ನಿಂತು.

"ಪ್ರಾಸಕ್ಕೆ."

"ಯಾರಿಗೆ?"

"ಸೋಮೋಯೆಗೆ. ಆಫ್ರಿಕದ ಆ ಅಕ್ಕನಿಗೆ."

ವಾಸಂತಿಯಕ್ಕ ಬಾಗಿಲ ದಾರಂದಕ್ಕೆ ಒರಗಿದರು. ಅವರ ದನಿಯಲ್ಲಿ ಹೊಸದೊಂದು ಚುರುಕು ಇತ್ತು. "ಹಾಲು ಅಳೆಯುವ ಮೆಷಿನಿಗೆ ಬರೆದಿರಿ. ಕಾಲುಸಂಕಕ್ಕೆ ಬರೆದಿರಿ. ಈಗ ಕಣ್ಣಲ್ಲಿ ಕಾಣದವಳಿಗೆ ಬರೀತಿರಿ. ವಾಸಂತಿ ಅಂತ ಒಂದು ಹೆಸರು ಉಂಟು ಈ ಮನೆಯಲ್ಲಿ. ಅದಕ್ಕೆ ಪ್ರಾಸ ಸಿಕ್ಕಲಿಲ್ವಾ?"

ವಿಷ್ಣುಪ್ರಸಾದರು ಪ್ರಾಮಾಣಿಕರಾಗಿ ಯೋಚಿಸಿದರು. ಎರಡನೆಯ ಅಕ್ಷರ ಸಕಾರ. "ದೋಸೆ," ಎಂದರು. ಸ್ವಲ್ಪ ತಡೆದು, "ಮೀಸೆ" ಎಂದರು.

ಮರುದಿನ ಬೆಳಗ್ಗೆ ನರಿಮೊಗರಿನ ಆ ಮನೆಯಲ್ಲಿ ದೋಸೆ ಇರಲಿಲ್ಲ.